ಅಳಿಯನಿಗೆ ಬೈದು ಹತ್ತಿದ ಬೆಟ್ಟ

“ಲೇ ಮಲ್ಲಯ್ಯಾ, ಬಯಲಾಗ ಒಂದು ಮನಿ ಕಟ್ಟಾಕ ಆಗಲಿಲ್ಲೇನು ನಿನಗ? ಮಗಳ ಮಕಾ ನೋಡಾಕ ಈ ಕಾಡೆಲ್ಲಾ ತಿರುಗಬೇಕೇನು?”

ಶ್ರೀಶೈಲದ ಪಾದಯಾತ್ರೆಯಲ್ಲಿ, ನಲ್ಲಮಲ ಕಾಡಿನ ಭೀಮನಕೊಳ್ಳದ ಏರಿನಲ್ಲಿ, ಸಿರುಗುಪ್ಪದ ಅಜ್ಜಿಯೊಬ್ಬರು ಹೀಗೆ ದೇವರಿಗೇ ಬೈಯುತ್ತ ಬಂದಾಗ ನಾನು ಮತ್ತಿಮರದ ಬುಡದಲ್ಲಿ ಕುಸಿದು ಕುಳಿತಿದ್ದೆ. ಕುರುಗೋಡಿನಿಂದ ಎಂಟು ದಿನ ನಡೆದ ಮೊಣಕಾಲು ಅಲ್ಲಿ ಮುಷ್ಕರ ಹೂಡಿತ್ತು. ಅದು ವಾಹನ ಬರುವ ಜಾಗವಲ್ಲ. ಹತ್ತಲಾಗದಿದ್ದರೆ ಯಾರಾದರೂ ನನ್ನನ್ನು ಹೊತ್ತು ಹಿಂದಕ್ಕೆ ಒಯ್ಯಬೇಕು. ಭ್ರಮರಾಂಬೆಗೆ ಹರಕೆ ಹೊತ್ತು ತಂದ ಇಳಕಲ್ ಸೀರೆಯೂ ನನ್ನ ಜೊತೆಗೇ ವಾಪಸ್ಸು.

“ದೇವರಿಗೆ ಹಂಗ ಅನಬಾರದ್ರೀ” ಎಂದೆ.

“ಭ್ರಮರಾಂಬಿ ನಮ್ಮ ಮನಿ ಮಗಳವ್ವ. ಅಂದಮ್ಯಾಗ ಅಂವ ಅಳಿಯ. ಅಳಿಯಗ ಬೈಯಾಕ ಯಾಕ ಹೆದರಿಕಿ? ನೀನೂ ಬೈ, ಕಾಲು ತಾವಾ ಏಳತಾವ.”

ಶಿವಶಿವಾ ಎಂದು ಗಲ್ಲ ಬಡಿದುಕೊಂಡು ಮೆಲ್ಲಗೆ ಒಂದು ಮಾತು ಬೈದೆ. “ಇದೇನು ಬೈಗುಳಾನೋ ಜೋಗುಳಾನೋ?” ಎಂದರು ಅಜ್ಜಿ. ನನಗೂ ರೋಷ ಬಂತು. “ಮೈಗೆಲ್ಲಾ ಬೂದಿ ಬಡ್ಕೊಂಡು ಕುಂತೀಯಲ್ಲೋ, ಅತ್ತಿ ಬಂದಾಳಂತ ಎದ್ದು ಎದುರಿಗಿ ಬರಾಕೂ ಆಗವಲ್ದೇನು?” ಎಂದು ಕೂಗಿ ಎದ್ದೇಬಿಟ್ಟೆ. ಆಮೇಲೆ ಹತ್ತಿದ ಒಂದೊಂದು ಕಲ್ಲಿಗೂ ಅಳಿಯನಿಗೊಂದು ಬೈಗುಳ. ಅವನ ಪುಣ್ಯ, ನನ್ನ ಬಾಯಿ ದಣಿಯುವ ಮೊದಲೇ ಏರು ಮುಗಿಯಿತು.

ಗುಡಿಯಲ್ಲಿ ಸೀರೆ ಒಪ್ಪಿಸಿ ಅವನೆದುರು ನಿಂತಾಗ, ಬೇಡಬೇಕೆಂದುಕೊಂಡಿದ್ದ ಯಾವುದನ್ನೂ ಬೇಡಲು ಬಾಯಿ ಬರಲಿಲ್ಲ. ಅಳಿಯನ ಮುಂದೆ ಕೈಯೊಡ್ಡುವುದು ಹೇಗೆ? “ನಮ್ಮ ಹುಡುಗೀನ ಚೆಂದಂಗ ನೋಡ್ಕೋಪಾ” ಎಂದಷ್ಟೇ ಹೇಳಿ ಬಂದೆ.