ಸೋಫಾದ ಮುಂದೆ ನೆಲಕ್ಕೆ ಕೂತಾಕಿ

ಮೊನ್ನೆ ಗಂಗಾವತಿಯ ನಮ್ಮ ಮನೆಗೆ ಹೊಸ ಟಿವಿ ಬಂತು. ಡಬ್ಬ ಬಿಚ್ಚಿದಾಗ ಥರ್ಮಾಕೋಲಿನ ವಾಸನೆ ಮೂಗಿಗೆ ಬಡಿದು ಬಾಜೂಮನಿ ಕಾಕಾ ನೆನಪಾದರು... ಅವರ ಮೊದಲ ಚಪ್ಪಟೆ ಟಿವಿಯ ಡಬ್ಬ ಬಿಚ್ಚಿದವನೂ ನಾನೇ. ಆಮೇಲೆ ಕೆಲಸ ಕೆಡಿಸಿದವನೂ ನಾನೇ.

ಕಾಕಾ ಟೇಲರ್. ಓಣಿಯವರನ್ನೆಲ್ಲ ಅಣಕಿಸುತ್ತಿದ್ದ ನಾನು ಅವರನ್ನು ಬಿಡುತ್ತೇನೆಯೇ? ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವರು "ನಾಳಿ ಬರ್ರಿ" ಅನ್ನೋದನ್ನ ಅವರೆದುರೇ ಮಾಡಿ ತೋರಿಸುತ್ತಿದ್ದೆ.

"ನನಗಿಂತ ನೀನ ಛಲೋ ಸುಳ್ಳ ಹೇಳ್ತಿ ನೋಡಪಾ. ನಾಳಿಂದ ಅಂಗಡ್ಯಾಗ ನೀನ ಕೂಡು" ಎನ್ನುತ್ತಿದ್ದರು.

ಅವರ ಹೆಂಡತಿ, ನಮ್ಮ ಕಾಕು, ನಾಟಕ ಕಂಪನಿಯಲ್ಲಿದ್ದವರು. ಒಮ್ಮೆ ಬೆಂಗಳೂರಿಗೆ ಹೋಗಿ ಟಿವಿಯ ಹಾಸ್ಯ ಧಾರಾವಾಹಿಯೊಂದರಲ್ಲಿ ಪಾರ್ಟು ಮಾಡಿ ಬಂದಿದ್ದರು. ಮಾತಿಲ್ಲದ ಪಾರ್ಟು. ಮನೆಮಂದಿಯೆಲ್ಲ ಸೋಫಾದ ಮೇಲೆ ಕೂತು ಜಗಳಾಡುವಾಗ, ನೆಲದ ಮೇಲೆ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ, ಬಾಯಿಗೆ ಸೆರಗು ಒತ್ತಿಕೊಂಡು ನಗುವ ಅತ್ತೆ. ಕಾಕು ತೀರಿಕೊಂಡ ಮೇಲೆ ಆ ಧಾರಾವಾಹಿಯ ಡಿವಿಡಿಯೇ ಕಾಕಾನ ಸಂಜೆ. ಟಿವಿ ಮುಂದೆ ತಾವೂ ನೆಲಕ್ಕೇ ಕೂತು ರೊಟ್ಟಿ ತಿನ್ನುತ್ತಿದ್ದರು.

"ಗ್ವಾಡಿ ಮ್ಯಾಲಿನ ಫೋಟೋದಾಗ ಅಕಿ ಸಿಟ್ಟಿಲೆ ಅದಾಳ. ಇದರಾಗಷ್ಟ ನಗತಾಳ" ಎಂದಿದ್ದರು ಒಮ್ಮೆ.

ಚಪ್ಪಟೆ ಟಿವಿಗೆ ಆ ಹಳೆಯ ಡಿಸ್ಕು ಹಾಕಿದರೆ ಚೌಕದ ಚಿತ್ರ ನಡುವೆ, ಎರಡೂ ಬದಿಗೆ ಕಪ್ಪು ಪಟ್ಟಿ.

"ಏನ್ರಿ ಕಾಕಾ, ಡಬಲ್ ಪನ್ನಾದ ಅಗಲ ಅರಿವಿ ತಂದು ಲಂಗೋಟಿ ಹೊಲದಂಗಾತಲ್ರಿ!" ಎಂದೆ. ಅವರೂ ನಕ್ಕರು.

ಅದೇ ಧಾರಾವಾಹಿ ವೈಡ್‌ಸ್ಕ್ರೀನಿನಲ್ಲಿ ಹೊಸದಾಗಿ ಬಂದಿತ್ತು. ನಾನು ಶಾಣ್ಯಾ ನೋಡಿ, ಕಾಕಾಗೆ ಹೇಳದೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸದು ತಂದುಬಿಟ್ಟೆ.

ಹಾಕಿದೆವು. ಟಿವಿ ತುಂಬ ಸೋಫಾ. ಕಾಕು ಇಲ್ಲ. ಚೌಕದ ಚಿತ್ರ ಅಗಲ ಕಾಣಲೆಂದು ಮೇಲೂ ಕೆಳಗೂ ಕತ್ತರಿಸಿದ್ದರು. ನೆಲವೇ ಹೋಗಿತ್ತು. ಒಮ್ಮೊಮ್ಮೆ ಕಾಕುವಿನ ತುರುಬಷ್ಟೇ ಅಂಚಿಗೆ ಬಂದು ಮುಳುಗುತ್ತಿತ್ತು.

"ಅಕಿ ಎಲ್ಲೆದಾಳೋ?" ಎಂದರು ಕಾಕಾ. ಬಗ್ಗಿ, ಕತ್ತು ಓರೆ ಮಾಡಿ, ಪರದೆಯ ಕೆಳಗಿನ ಅಂಚಿನೊಳಗೆ ಇಣುಕಿದರು... ನಾನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ. ಸೋಫಾದವರು ಉದ್ದಾದರು, ಗಿಡ್ಡಾದರು, ಅಷ್ಟೇ.

ನಾಚಿಕೆಗೆ ನಾಲ್ಕು ದಿನ ಮುಖ ಮರೆಸಿಕೊಂಡೆ. ಆಮೇಲೆ ಅಂಗಡಿಗೆ ಓಡಿದರೆ, "ಹಳೇ ಡಿಸ್ಕೆಲ್ಲ ಆನೆಗೊಂದಿ ಕಡೆ ಹೊಲದವ್ರು ಒಯ್ದ್ರಲ್ರಿ, ಗುಬ್ಬಿ ಓಡ್ಸಾಕ. ಆ ಚೌಕಂದು ಈಗ ಬರೂದ ಇಲ್ಲ" ಎಂದ ಅಂಗಡಿಯವ.

ಭತ್ತದ ಗದ್ದೆಯಲ್ಲಿ ದಾರಕ್ಕೆ ಜೋತುಬಿದ್ದ ಡಿಸ್ಕುಗಳು ಬಿಸಿಲಿಗೆ ಥಳಥಳ ತಿರುಗುತ್ತಿದ್ದವು. ಕೆಸರಲ್ಲಿ ಇಳಿದು ಒಂದೊಂದನ್ನೇ ಹಿಡಿದು ನೋಡಿದೆ. ಯಾರದೋ ಮದುವೆ, ಭಜನೆ, ಸಿನಿಮಾ...

"ಏ ತಮ್ಮಾ, ಗುಬ್ಬಿಗಿಂತ ನಿಂದ ತ್ರಾಸ ಭಾಳಾತು, ಮ್ಯಾಲೆ ಬಾ" ಎಂದು ಹೊಲದವ ಕೂಗಿದ. ನಮ್ಮದು ಸಿಗಲಿಲ್ಲ.

ಕಾಕಾ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಹಗುರಾಗುತ್ತಿದ್ದೆನೇನೋ... ಅವರು ಹೊಸದನ್ನೇ ಹಾಕಿಕೊಂಡು ನೋಡತೊಡಗಿದರು. ಸೋಫಾದವರು ಅಲ್ಲಲ್ಲಿ ಕೆಳಗೆ ನೋಡಿ ನಗುತ್ತಾರೆ. ಆಗ ಕಾಕಾನೂ ನಗುತ್ತಿದ್ದರು. "ಈಗ ನೋಡು, ಸೆರಗ ಬಾಯಿಗೆ ಹಿಡದ್ಲು" ಎಂದು ನನಗೆ ಹೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

ಕಾಕಾ ಹೋಗಿ ಮೂರು ವರ್ಷ. ನಿನ್ನೆ ಯಾವುದೋ ಚಾನೆಲ್ಲಿನಲ್ಲಿ ಅದೇ ಧಾರಾವಾಹಿ ಬಂತು, ಅಗಲದ್ದೇ. ಸೋಫಾದವರು ಕೆಳಗೆ ನೋಡಿ ನಕ್ಕರು. ನಮ್ಮ ಮನೆಯವರೂ ನಕ್ಕರು. ಸೋಫಾದವರು ಯಾರನ್ನು ನೋಡಿ ನಗುತ್ತಾರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.