ಹಾಡಿಗೆ ಮೊದಲಿನ ಮಾತು

ಆ ದಿನವೂ ಊಟದ ಹೊತ್ತಿಗೆ ಅವನು ಟೇಪ್ ರೆಕಾರ್ಡರ್ ತಂದು ಪಾತ್ರೆ ತೊಳೆಯುವ ಕಟ್ಟೆಯ ಮೇಲಿಟ್ಟ. ಸಂಜೆ ಮುದುಕ ಹಾಡುಗಾರನ ಕಾರ್ಯಕ್ರಮವಿತ್ತು. ಕಾರ್ಯಕ್ರಮವಿದ್ದ ದಿನ ಮೈಕು ಸರಿಯಿದೆಯೋ ಇಲ್ಲವೋ ಎಂದು ಅಡುಗೆಮನೆಯಲ್ಲೇ ನೋಡಿಕೊಳ್ಳುವುದು ಅವನ ಪದ್ಧತಿ. ನಲ್ಲಿಯ ಸದ್ದು, ತಟ್ಟೆಯ ಸದ್ದು, ಹೆಂಡತಿಯ ಗೊಣಗಾಟ, ಇಷ್ಟನ್ನು ಹಿಡಿದರೆ ಹಾಡನ್ನೂ ಹಿಡಿಯುತ್ತದೆ ಎನ್ನುತ್ತಿದ್ದ. ಗುಂಡಿ ಒತ್ತಿ ತಾರೀಖು ಹೇಳಿದ, ಯಾವ ಸಭಾಂಗಣ ಎಂದು ಹೇಳಿದ. ಆಮೇಲೆ ಎಂದಿನಂತೆ ಮೈಕನ್ನು ಅವಳ ಕಡೆ ಚಾಚಿ, ಮನೆಯೊಡತಿ ಏನು ಹೇಳುತ್ತಾರೆ ಎಂದು ಕೇಳಿದ.

"ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ," ಎಂದಳು ಅವಳು.

ಅವನು ಗುಂಡಿ ಬಿಟ್ಟು ನಕ್ಕ. ಊಟ ಮಾಡಿ ಹೋದ. ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುತ್ತ ಕೊಡುತ್ತಲೇ ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅವನು ಬೀಗದ ಕೈ ಮಾಡುವವನು. ಸಿನಿಮಾ ಮಂದಿರದ ಮಗ್ಗುಲಲ್ಲಿ ಬೀರುವಿನಷ್ಟು ಅಗಲದ ಅಂಗಡಿ. ದುಡಿಮೆ ಹೊಟ್ಟೆಗೆ ಬಟ್ಟೆಗೆ ಸಾಕಾಗುತ್ತಿತ್ತು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಈ ಹಾಡುಗಾರನ ಹುಚ್ಚು ಒಂದೇ. ಹಾಡುಗಾರ ಪ್ರಾಯದಲ್ಲಿ ಹಳ್ಳಿಯ ಹಾಡುಗಳಿಗೆ ಡ್ರಮ್ಮು, ಕರೆಂಟು ಗಿಟಾರು ಸೇರಿಸಿ ಊರೂರು ಕುಣಿಸಿದವನು. ವಯಸ್ಸಾದ ಮೇಲೆ ಬ್ಯಾಂಡು ಬಿಟ್ಟು, ಬರೀ ಮರದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ಹಾಡತೊಡಗಿದ. ಅದನ್ನು ಯಾವ ಕಂಪನಿಯೂ ಹೊರತರಲಿಲ್ಲ. ರೆಕಾರ್ಡ್ ಮಾಡಿಕೊಳ್ಳಿ, ಮಾರಬೇಡಿ ಎಂದು ಹಾಡುಗಾರನೇ ಹೇಳಿದ್ದ. ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಅವರು ಟೇಪು ಮಾಡಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಇವನ ಟೇಪು ಎಂದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಸಭಾಂಗಣದಲ್ಲಿ ಇವನು ಕೆಮ್ಮುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿರಲಿಲ್ಲ, ಕಾಲರಿನಲ್ಲಿ ಮೈಕು ಸಿಕ್ಕಿಸಿಕೊಂಡು ಗೊಂಬೆಯ ಹಾಗೆ ಕೂರುತ್ತಿದ್ದ.

ಕಾಲರಿನೊಳಗೆ ಆ ಪುಟ್ಟ ಜೇಬು ಹೊಲಿದುಕೊಟ್ಟವಳು ಅವಳೇ. ಆದರೆ ಒಂದು ಟೇಪಿಗೂ ಕಿವಿ ಕೊಟ್ಟವಳಲ್ಲ. ಹಾಡುಗಾರನ ದನಿ ತುಕ್ಕು ಹಿಡಿದ ಬಾಗಿಲಿನ ಹಾಗಿದೆ ಎನ್ನುತ್ತಿದ್ದಳು.

"ನಿನ್ನ ಬಾಯಿಗಿಂತ ವಾಸಿ ಕಣೇ," ಎನ್ನುತ್ತಿದ್ದ ಅವನು.

ಅವನು ಹೋದ ಕೆಲವು ವಾರಕ್ಕೆ ಮೇಷ್ಟ್ರು ಬಂದರು. ಶಾಲೆಯಲ್ಲಿ ಗಣಿತ ಹೇಳುವವರು, ಅವನ ಗೆಳೆಯ, ಅದೇ ಹುಚ್ಚಿನವರು. ಟೇಪುಗಳಿಗೆ ಬೂಷ್ಟು ಹತ್ತಿದೆ, ಹೀಗೇ ಬಿಟ್ಟರೆ ಮಣ್ಣುಪಾಲಾಗುತ್ತವೆ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಉಳಿಸುತ್ತೇನೆ ಎಂದರು. ಅವಳು ಬೀರು ತುಂಬಿದ್ದ ಆ ಟೇಪಿನ ಪೆಟ್ಟಿಗೆಗಳನ್ನು ಕಂಡರೆ ಉರಿದುಬೀಳುವವಳು. ಒಂದೂ ಬಿಡದೆ ಕೊಟ್ಟುಬಿಟ್ಟಳು. ಖಾಲಿಯಾದ ಬೀರುವಿನಲ್ಲಿ ಹಾಸಿಗೆ ಹೊದಿಕೆ ಮಡಿಸಿಟ್ಟಳು.

ಮೊದಮೊದಲು ಅವನ ದನಿ ಅವಳ ಕಿವಿಯಲ್ಲೇ ಇತ್ತು. ಆಮೇಲಾಮೇಲೆ ಜಾರತೊಡಗಿತು. ಮುಖಕ್ಕಾದರೆ ಫೋಟೋ ಇತ್ತು. ದನಿಗೆ ಏನಿತ್ತು? ಅವನು "ಏನೇ" ಎಂದು ಕರೆಯುತ್ತಿದ್ದುದನ್ನು ನೆನೆಸಿಕೊಳ್ಳಲು ಕೂತರೆ ಅದು ತನ್ನದೇ ದನಿಯಲ್ಲಿ ಬರುತ್ತಿತ್ತು. ಹಾಗೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಹೊಳೆಯಿತು: ಒಂದೊಂದು ಟೇಪಿನ ತಲೆಯಲ್ಲೂ ಅವನ ಮಾತಿದೆ. ಅಡುಗೆಮನೆಯಲ್ಲಿ ಆಡಿದ ಮಾತು. ಚಪ್ಪಲಿ ಮೆಟ್ಟಿಕೊಂಡು ಮೇಷ್ಟ್ರ ಮನೆಗೆ ನಡೆದಳು.

ಮೇಷ್ಟ್ರಿಗೆ ಸಂತೋಷವೋ ಸಂತೋಷ. ಅತ್ತಿಗೆ ಕೊನೆಗೂ ಹಾಡು ಕೇಳಲು ಬಂದರು ಎಂದು ಕುರ್ಚಿ ಎಳೆದು ಕೂರಿಸಿ ಕಂಪ್ಯೂಟರಿನಲ್ಲಿ ಹಾಕಿದರು. ಬಂದದ್ದು ಗಿಟಾರು. ಇನ್ನೊಂದು ಹಾಕಿಸಿದಳು. ಅಲ್ಲೂ ಗಿಟಾರೇ.

"ಇದಕ್ಕೆ ಮೊದಲಿಂದು ಹಾಕಿ ಮೇಷ್ಟ್ರೇ. ಅವರು ಮಾತಾಡಿದ್ದು."

"ಅದನ್ನೆಲ್ಲ ತೆಗೆದುಬಿಟ್ಟೆ ಅತ್ತಿಗೆ. ನಲ್ಲಿ ಸದ್ದು, ಪಾತ್ರೆ ಸದ್ದು. ಈಗ ನೋಡಿ, ಒಂದು ಕಸ ಇಲ್ಲ."

"ಟೇಪು?"

ಏರಿಸಿಯಾದ ಮೇಲೆ ಬೂಷ್ಟು ಹಿಡಿದ ಟೇಪಿನಿಂದ ಏನು ಕೆಲಸ? ಎಲ್ಲವನ್ನೂ ಮೇಷ್ಟ್ರು ಗುಜರಿಯವನಿಗೆ ಹಾಕಿದ್ದರು. ಅಷ್ಟು ಹೇಳುವಷ್ಟರಲ್ಲಿ, ತಾವು ಮಾಡಿದ್ದೇನು ಎಂದು ಅವರಿಗೇ ತಿಳಿಯಿತು. ಮುಖ ಸುಣ್ಣವಾಯಿತು. ಅವಳು ಬೈಯಲಿಲ್ಲ. ಬೈಯುವುದು ಅವಳಿಗೆ ಉಸಿರಾಡಿದಷ್ಟು ಸಲೀಸು, ಆದರೂ ಬೈಯಲಿಲ್ಲ. ಉಳಿಸುತ್ತೇನೆ ಎಂದವರು ಹೇಳಿದಂತೆ ಉಳಿಸಿದ್ದರು. ಅವರಿಗೆ ಬೇಕಾದ್ದು ಉಳಿದಿತ್ತು.

ಆಮೇಲೆ ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಗೆಳೆಯನಿಂದ ಹಿಂದೆ ಟೇಪು ತರಿಸಿಕೊಂಡವರಿಗೆಲ್ಲ ಫೋನು ಮಾಡಿದರು. ಹೆಚ್ಚಿನವರು ನಕಲು ಮಾಡಿಕೊಳ್ಳುವಾಗ ಹಾಡಿನಿಂದಲೇ ಹಿಡಿದಿದ್ದರು. ದೂರದ ಊರಿನ ಒಬ್ಬ ಮಾತ್ರ ತನ್ನಲ್ಲಿ ಹಾಡಿಗೆ ಮೊದಲು ಏನೋ ಮಾತಿದೆ ಎಂದು ಕ್ಯಾಸೆಟ್ಟು ಕಳಿಸಿದ. ಮೇಷ್ಟ್ರು ಅದನ್ನು ತಾವು ಕೇಳದೆ, ಲಕೋಟೆಯನ್ನೂ ಒಡೆಯದೆ, ಟೇಪ್ ರೆಕಾರ್ಡರಿನ ಸಮೇತ ಅವಳ ಮನೆಗೆ ತಂದರು. ಅಡುಗೆಮನೆಯಲ್ಲೇ ಹಾಕಿ ಎಂದಳು.

ಟೇಪಿನಲ್ಲಿ ಸುರ್ ಎಂದು ನಲ್ಲಿ ಸುರಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಶುರುವಾಯ್ತಾ ನಿಮ್ಮ ಪುರಾಣ? ಬಾಯಿ ಮುಚ್ಕೊಂಡು ಊಟ ಮಾಡಿ."

ಟಕ್ ಎಂದು ಗುಂಡಿ ಬಿಟ್ಟ ಸದ್ದು. ಆಮೇಲೆ ಗಿಟಾರು.

ಆ ಊರಿನವನು ನಕಲು ಮಾಡುವಾಗ ಗುಂಡಿ ಒತ್ತಲು ತಡ ಮಾಡಿದ್ದಿರಬೇಕು. ಗಂಡನ ಮಾತು ಮುಗಿದ ಮೇಲೆ ಅವಳದು ಮಾತ್ರ ಹಿಡಿದಿತ್ತು. ಅವಳು ಬಾಯಿ ಮುಚ್ಚಿ ಎಂದಳು, ಅವನು ಮುಚ್ಚಿದ. ಉಳಿದದ್ದು ಅಷ್ಟೇ. ಇನ್ನೊಮ್ಮೆ ಹಾಕಲೇ ಎಂದು ಮೇಷ್ಟ್ರು ಕೇಳಿದರು. ಬೇಡವೆಂದಳು. ಹಾಡು ನಡೆಯುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ. ಕಡೆಯ ತನಕ ಕೇಳಿದಳು. ದನಿ ತುಕ್ಕು ಹಿಡಿದದ್ದೇ. ಆದರೆ ಅದರ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದವನು ಒಬ್ಬನಿದ್ದನಲ್ಲ, ಅವನು ಎಲ್ಲಾದರೂ ಒಮ್ಮೆ ಕೆಮ್ಮಿಯಾನೇ ಎಂದು ಕಾದಳು. ಅವನು ತನ್ನ ಕೆಲಸ ಬಲ್ಲವನು. ಕೆಮ್ಮಲಿಲ್ಲ.

ಈಗ ಅಂಗಡಿಯಲ್ಲಿ ಅವಳೇ ಕೂರುತ್ತಾಳೆ. ಬೆಳಿಗ್ಗೆ ಷಟರು ಎತ್ತಿದ ಮೇಲೆ ಮೊದಲ ಕೆಲಸ, ಬೀಗದ ಕೈ ಕೊರೆಯುವ ಯಂತ್ರದ ಹಲ್ಲಿನಲ್ಲಿ ಸಿಕ್ಕಿಕೊಂಡ ಹಿತ್ತಾಳೆಯ ಪುಡಿಯನ್ನು ಬ್ರಷ್ಷಿನಿಂದ ಕೆರೆದು ತೆಗೆಯುವುದು. ಆ ಹೊತ್ತಿಗೇ ಪಕ್ಕದ ಗಡಿಯಾರ ರಿಪೇರಿ ಮಾಡುವ ಮುದುಕ ಬಂದು, ಹಿಂದಿನ ದಿನ ಸೊಸೆ ಅಂದದ್ದು, ತಾನು ಅಂದದ್ದು ಎಲ್ಲ ಹೇಳುತ್ತಾನೆ. ತಲೆ ಬುಡವಿಲ್ಲದ ಮಾತು, ಆದರೂ ಅವಳು ತಡೆಯುವುದಿಲ್ಲ. ಪುಡಿಯೆಲ್ಲ ಬಿದ್ದು ಯಂತ್ರ ಹೊಳೆಯುತ್ತಿದ್ದರೂ ಅವಳು ಬ್ರಷ್ಷು ಕೆಳಗಿಡುವುದಿಲ್ಲ. ಅವನು ಮುಗಿಸುವ ತನಕ ತಿಕ್ಕುತ್ತಲೇ ಇರುತ್ತಾಳೆ.