ಎಲುಬಿನ ನಡುವಿಗೆ ರಕ್ತ

ಮುಂಬೈಯ ಪವಾಯಿಯ ಲ್ಯಾಬಿನಲ್ಲಿ ನಾನು ಎಲುಬು ಬೆಳೆಸುತ್ತಿದ್ದೆ. ಹೀಗೆಂದರೆ ಕೇಳಿದವರು ತೊಡೆಯೆಲುಬನ್ನೋ ತಲೆಬುರುಡೆಯನ್ನೋ ಕಲ್ಪಿಸಿಕೊಳ್ಳುತ್ತಾರೆ. ನನ್ನದು ಅಂಗಿಯ ಗುಂಡಿಯಷ್ಟು ಅಗಲದ, ದೋಸೆಯಂತೆ ತೂತುತೂತಾದ ಒಂದು ಬಿಳಿ ಬಿಲ್ಲೆ. ಆ ತೂತುಗಳಲ್ಲಿ ಅಸ್ಥಿಮಜ್ಜೆಯ ಜೀವಕೋಶಗಳನ್ನು ಬಿತ್ತಿ, ಗುಲಾಬಿ ಬಣ್ಣದ ಪೋಷಕದ್ರವದಲ್ಲಿ ಮುಳುಗಿಸಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟರೆ ಕೆಲವು ವಾರಗಳಲ್ಲಿ ಅವು ಎಲುಬು ಕಟ್ಟತೊಡಗುತ್ತವೆ. ತೊಂದರೆ ಇದ್ದದ್ದು ನಡುವಿನಲ್ಲಿ. ಬಿಲ್ಲೆಯನ್ನು ಕೊಯ್ದು ಬಣ್ಣ ಹಾಕಿ ನೋಡಿದರೆ ಬದುಕಿದ ಕೋಶ ಹಸಿರು, ಸತ್ತದ್ದು ಕೆಂಪು. ಪ್ರತಿ ಸಲವೂ ಅಂಚಿನಲ್ಲಿ ಒಂದು ಹಸಿರು ಉಂಗುರ, ಒಳಗೆಲ್ಲ ಕೆಂಪು. ಒಳಗಿನ ಕೋಶಗಳಿಗೆ ಆಮ್ಲಜನಕ ತಲುಪುತ್ತಿರಲಿಲ್ಲ. ರಕ್ತನಾಳವಿಲ್ಲದೆ ಎಲುಬು ಬದುಕುವುದಿಲ್ಲ ಎಂದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ. ಆ ಒಂದು ಸಾಲನ್ನೇ ನಾನು ನಾಲ್ಕು ವರ್ಷ ಕೆಂಪು ಚಿತ್ರಗಳಲ್ಲಿ ಓದಿದೆ.

ಐದನೆಯ ವರ್ಷ ನನ್ನ ಪಿಎಚ್‌ಡಿ ಗೈಡ್, ಹೆಚ್ಚು ಮಾತನಾಡದ ಮರಾಠಿ ಹೆಂಗಸು, ಬಿಲ್ಲೆಯೊಳಗೆ ರಕ್ತನಾಳಗಳನ್ನೂ ಜೊತೆಗೇ ಬೆಳೆಸಿ ನೋಡಲು ಹೇಳಿದರು. ನಾಳದ ಒಳಗೋಡೆ ಕಟ್ಟುವ ಕೋಶಗಳು ಹೊಕ್ಕುಳಬಳ್ಳಿಯಲ್ಲಿ ಸಿಗುತ್ತವೆ. ಹೀಗೆ, ಬೇಕಾದ ಅನುಮತಿಗಳೆಲ್ಲ ಬಂದ ಮೇಲೆ, ಬೈಕುಲ್ಲಾದ ಒಂದು ಹೆರಿಗೆ ಆಸ್ಪತ್ರೆಗೆ ಐಸ್ ಡಬ್ಬಿ ಹಿಡಿದು ಓಡಾಡತೊಡಗಿದೆ. ಬೊರಿವಲಿಯ ಮನೆಯಿಂದ ಬೆಳಿಗ್ಗೆ ಲೋಕಲ್ ರೈಲು ಹಿಡಿದು ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೈನಿನಲ್ಲಿ ಬೈಕುಲ್ಲಾ. ಬಳ್ಳಿ ಸಿಕ್ಕರೆ ಅಲ್ಲಿಂದ ಕಾಂಜೂರ್‌ಮಾರ್ಗ್, ಆಮೇಲೆ ರಿಕ್ಷಾದಲ್ಲಿ ಪವಾಯಿ. ಸಿಗದಿದ್ದರೂ ಅದೇ ದಾರಿ. ಒಮ್ಮೆ ಹೆರಿಗೆ ಮುಂದೆ ಹೋಗುತ್ತಿತ್ತು, ಒಮ್ಮೆ ಮನೆಯವರು ಒಪ್ಪುತ್ತಿರಲಿಲ್ಲ, ಇನ್ನೊಮ್ಮೆ ಗಡಿಬಿಡಿಯಲ್ಲಿ ಬಳ್ಳಿ ಕಸಕ್ಕೆ ಹೋಗಿರುತ್ತಿತ್ತು. ಕರಗಿದ ಐಸ್ ಡಬ್ಬಿಯೊಳಗೆ ಗುಳುಗುಳು ಎನ್ನುತ್ತಿರುವಾಗ ನಾನು ರೈಲಿನ ಬಾಗಿಲ ಬಳಿ ನಿಂತು ತೂಕಡಿಸುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ, ಸಿಸೇರಿಯನ್‌ಗೆ ಕಾದು ಮಲಗಿದ್ದ ಒಬ್ಬಳ ಪಕ್ಕ ನಿಂತು ಹಿಂದಿಯಲ್ಲಿ ವಿವರಿಸುತ್ತಿದ್ದೆ. ನಡುವೆ ಅಮ್ಮನ ಫೋನ್ ಬಂತು. "ಆಮೇಲೆ ಮಾಡ್ತೇನೆ ಅಮ್ಮ" ಎಂದು ಇಟ್ಟೆ. ಹಾಸಿಗೆಯ ಕಾಲದೆಸೆಯಲ್ಲಿ ಕೂತಿದ್ದ ಅವಳ ಅತ್ತೆ ತಲೆಯೆತ್ತಿದರು.

"ಕನ್ನಡದಾಕಿ ಏನವಾ ನೀನು?"

"ಹೌದಮ್ಮ, ಉಡುಪಿ ಕಡೆಯವಳು."

"ನಾವು ಬಿಜಾಪುರದವ್ರು. ಮತ್ತ ಆಗಿನಿಂದ ಹಿಂದ್ಯಾಗ ಒದರಾಕತ್ತೀಯಲ್ಲ! ಕನ್ನಡದಾಗ ಹೇಳು. ಏನ್ ಬೇಕು ನಿನಗ?"

ಹೇಳಿದೆ. ಮಗು ಹುಟ್ಟಿದ ಮೇಲೆ ಕತ್ತರಿಸಿ ತೆಗೆಯುವ ಬಳ್ಳಿ ಬೇಕು, ಅದರ ಕೋಶಗಳಿಂದ ಎಲುಬಿನೊಳಗೆ ರಕ್ತನಾಳ ಬೆಳೆಸಲು ನೋಡುತ್ತಿದ್ದೇವೆ, ಮಗುವಿಗೆ ಏನೂ ಆಗುವುದಿಲ್ಲ, ಕೊಡದಿದ್ದರೂ ಆಸ್ಪತ್ರೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

"ಎಲುಬು ಬೆಳಸ್ತೀಯಾ? ನನ್ನ ಮಣಕಾಲಿಗೆ ಹಾಕಾಕ ಬರ್ತದೇನು?"

"ಇಲ್ಲಮ್ಮ. ಇನ್ನೂ ಯಾರಿಗೂ ಹಾಕುವಷ್ಟು ಆಗಿಲ್ಲ."

"ಯಾವಾಗ ಆಗ್ತದ?"

"ಗೊತ್ತಿಲ್ಲ."

"ಗೊತ್ತಿಲ್ಲದ್ದಕ್ಕ ಬಳ್ಳಿ ಕೇಳಾಕ ಬಂದೀಯಲ್ಲ ತಂಗಿ. ಅದನ್ನ ಕಂಡಕಂಡವ್ರ ಕೈಯಾಗ ಕೊಡಬಾರದು. ಮಣ್ಣಾಗ ಹುಗೀಬೇಕು."

ಅವರು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಆ ವಾರ ಅದು ಮೂರನೆಯ 'ಇಲ್ಲ'. ಫಾರಂ ಮಡಚಿದೆ. ಆಗ, ಅಲ್ಲಿಯವರೆಗೆ ಕಣ್ಣು ಮುಚ್ಚಿ ಮಲಗಿದ್ದ ಸೊಸೆ ಮಾತನಾಡಿದಳು.

"ಅತ್ತಿ, ಇಲ್ಲಿ ಮಣ್ಣರ ಎಲ್ಲೈತಿ ಹುಗ್ಯಾಕ? ಬಕೆಟ್‌ನಾಗ ಒಗೀತಾರ. ಒಯ್ಯಲಿ ಬಿಡ್ರಿ." ನನ್ನ ಕಡೆ ತಿರುಗಿ ಕೇಳಿದಳು, "ಎಲ್ಲಿ ಸಹಿ ಮಾಡ್ಲಿ ಅಕ್ಕಾ?"

ಅತ್ತೆ ಸ್ವಲ್ಪ ಹೊತ್ತು ಸೊಸೆಯ ಮುಖ ನೋಡಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಬೋರಲು ಮಾಡಿ, ಬರೆಯಲು ಅನುಕೂಲವಾಗುವಂತೆ ಫಾರಂ ಕೆಳಗೆ ತಾವೇ ಹಿಡಿದರು.

ಎರಡು ಗಂಟೆಯ ನಂತರ ನರ್ಸ್ ಗೇಣುದ್ದದ ಬಳ್ಳಿಯನ್ನು ಬಾಟಲಿಯಲ್ಲಿ ತಂದುಕೊಟ್ಟರು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಒಳಗೆ ಹೋಗಿ ಒಂದು ಮಾತು ಹೇಳಿ ಬರುವಷ್ಟು ಹೊತ್ತಿರಲಿಲ್ಲ. ತಡವಾದರೆ ಕೋಶಗಳು ಹಾಳಾಗುತ್ತವೆ. ರೈಲಿನಲ್ಲಿ ಪಕ್ಕದವಳು ಡಬ್ಬಿ ನೋಡಿ ಐಸ್‌ಕ್ರೀಮಾ ಎಂದು ಕೇಳಿದಳು. ಔಷಧಿ ಎಂದೆ. ಲ್ಯಾಬಿನಲ್ಲಿ ಬಳ್ಳಿಯ ರಕ್ತನಾಳವನ್ನು ತೊಳೆದು, ಕೋಶಗಳನ್ನು ಗೋಡೆಯಿಂದ ಬಿಡಿಸುವ ಕಿಣ್ವ ತುಂಬಿಸಿ, ಎರಡೂ ತುದಿ ಬಿಗಿದು ಕಾದೆ. ಕೋಶಗಳು ಬಿಟ್ಟುಕೊಂಡವು. ಕೆಲವು ದಿನಗಳಲ್ಲಿ ಕೋಶ ಬೆಳೆಸುವ ತಟ್ಟೆಯ ತುಂಬ ಹರಡಿದವು. ಅವನ್ನು ಎಲುಬಿನ ಕೋಶಗಳ ಜೊತೆ ಬಿಲ್ಲೆಯಲ್ಲಿ ಬಿತ್ತಿದೆ.

ಮೂರು ವಾರ ಕಳೆದು ಕೊಯ್ದಾಗ ನಡುವೆಯೂ ಹಸಿರಿತ್ತು. ಆ ಹಸಿರಿನೊಳಗೆ ಕೂದಲೆಳೆಗಿಂತ ತೆಳುವಾಗಿ, ಕವಲೊಡೆದು ಹಬ್ಬಿದ ನಾಳಗಳಿದ್ದವು. ಗೈಡ್ ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಬೇರೆ ತಾಯಂದಿರ ಬಳ್ಳಿಯಲ್ಲೂ ಹೀಗೇ ಬರುತ್ತದೆಯೇ ಎಂದು.

ಬರಲಿಲ್ಲ. ಮುಂದಿನ ಬಳ್ಳಿಯ ಕೋಶಗಳು ಬೆಳೆಯಲೇ ಇಲ್ಲ. ಅದರ ಮುಂದಿನದಕ್ಕೆ ಬೂಷ್ಟು ಹಿಡಿಯಿತು. ಆ ಜುಲೈಯಲ್ಲಿ ಲ್ಯಾಬಿನ ಗೋಡೆ ಕೂಡ ಬೆವರುತ್ತಿತ್ತು. ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ, ಒಳ್ಳೆಯ ಬಿಲ್ಲೆಗಳನ್ನೂ ಸೇರಿಸಿ, ಬ್ಲೀಚಿನಲ್ಲಿ ಮುಳುಗಿಸಿ ಎಸೆಯಬೇಕಾಯಿತು. ಆ ದಿನ ನಾನು ಗ್ಲೌಸ್ ಕಳಚಿ, ಕ್ಯಾಂಟೀನಿಗೆ ಹೋಗಿ, ಎರಡು ವಡಾಪಾವ್ ತಿಂದು, ವಾಪಸ್ ಬಂದು ಪೆಟ್ಟಿಗೆಯನ್ನು ಮತ್ತೊಮ್ಮೆ ಒರೆಸಿದೆ. ಬೇಸರ ಆಗ ಒಂದು ಭಾವನೆಯಾಗಿ ಉಳಿದಿರಲಿಲ್ಲ. ಸೊಂಟನೋವಿನ ಹಾಗೆ, ಇದ್ದೇ ಇರುತ್ತಿತ್ತು.

ನಾಲ್ಕನೆಯ ಬಳ್ಳಿ ಬೆಳೆಯಿತು, ಐದನೆಯದೂ ಬೆಳೆಯಿತು. ಆಗ ಬಿಲ್ಲೆಯನ್ನು ಇಲಿಯ ಬೆನ್ನಿನ ಚರ್ಮದ ಕೆಳಗಿಟ್ಟು ನೋಡಲು ಗೈಡ್ ಒಪ್ಪಿದರು. ನಾಳ ಬೆಳೆದರಷ್ಟೇ ಸಾಲದು. ಅದು ಮೈಯ ನಾಳಕ್ಕೆ ಕೂಡಿಕೊಂಡು, ಒಳಗೆ ರಕ್ತ ಹರಿಯಬೇಕು. ಇಲ್ಲದಿದ್ದರೆ ನೀರು ಬಾರದ ನಲ್ಲಿಯಂತೆ, ಇದ್ದೂ ಉಪಯೋಗವಿಲ್ಲ. ಮೊದಲ ಎರಡು ಇಲಿಗಳಲ್ಲಿ ನಾಳಗಳು ಖಾಲಿಯಾಗಿ ಕುಸಿದಿದ್ದವು. ಮೂರನೆಯದರ ಸ್ಲೈಡನ್ನು ನಾನು ಒಂದು ಶುಕ್ರವಾರ ಬೆಳಿಗ್ಗೆ ನೋಡಿದೆ. ಮನುಷ್ಯರ ಕೋಶಗಳು ಕಟ್ಟಿದ ಗೋಡೆ, ಅದರೊಳಗೆ ಇಲಿಯ ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಅದೂ ಬಿಲ್ಲೆಯ ಸರಿ ನಡುವಿನಲ್ಲಿ.

ಕುಣಿಯಬೇಕಿತ್ತು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಗೈಡ್ ಬಂದು ನೋಡಿದರು, ಇನ್ನೊಂದು ಸಲ ನೋಡಿದರು, ನನ್ನ ಭುಜ ಮುಟ್ಟಿದರು. "ಇವತ್ತು ಏನೂ ಮುಟ್ಟಬೇಡ, ಮನೆಗೆ ಹೋಗಿ ಮಲಗು" ಎಂದರು.

ಮಧ್ಯಾಹ್ನದ ವಿರಾರ್ ಲೋಕಲ್ ಅರ್ಧ ಖಾಲಿಯಿತ್ತು. ಎಷ್ಟೋ ದಿನದ ಮೇಲೆ ಕಿಟಕಿಯ ಸೀಟು ಸಿಕ್ಕಿತು. ಎಚ್ಚರವಾದದ್ದು ಕಡಲ ಹಿನ್ನೀರಿನ ಮೇಲಿನ ರೈಲುಸೇತುವೆಯ ಸದ್ದಿಗೆ. ಬೊರಿವಲಿ ಆಗಲೇ ದಾಟಿಹೋಗಿತ್ತು. ನಾಯಗಾಂವ್‌ನಲ್ಲಿ ಇಳಿದು ಅಮ್ಮನಿಗೆ ಫೋನ್ ಮಾಡಿ, ನಿದ್ದೆಯಲ್ಲಿ ಸ್ಟೇಷನ್ ತಪ್ಪಿದ್ದನ್ನು ಹೇಳಿದೆ.

"ಹಗಲು ಹೊತ್ತಲ್ಲಿ ಎಂತ ನಿದ್ದೆ ಮಾರಾಯ್ತಿ? ಮೈ ಸರಿ ಇಲ್ವಾ?"

"ಸರಿ ಉಂಟು. ಅಮ್ಮ, ಇವತ್ತು ನಾಳದಲ್ಲಿ ರಕ್ತ ಹರೀತು."

"ಯಾರ ರಕ್ತ?"

"ಇಲಿದು."

"ಹರೀಲಿ ಅಂತಲೇ ಅಲ್ವಾ ಇಷ್ಟು ವರ್ಷ ಕಾದದ್ದು? ಮತ್ತೆ ನಿನ್ನ ಸ್ವರ ಯಾಕೆ ಹೀಗುಂಟು?"

"ಸುಸ್ತಾಗಿದೆ. ಮುಗೀಲಿಲ್ಲ ಅಮ್ಮ, ಇದು ಸಣ್ಣದು. ಮನುಷ್ಯರಿಗೆ ಹಾಕ್ಲಿಕ್ಕೆ ಇನ್ನೂ ತುಂಬ ಕೆಲಸ ಉಂಟು."

"ಅದು ಸೋಮವಾರಕ್ಕಾಯ್ತು. ಈಗ ಆಚೆ ಪ್ಲಾಟ್‌ಫಾರ್ಮಿಗೆ ಹೋಗು. ಜಾಗ ಇದ್ರೂ ಕೂರಬೇಡ, ಮತ್ತೆ ನಿದ್ದೆ ಬಂದು ಆಚೆ ತುದಿಯ ಚರ್ಚ್‌ಗೇಟಿಗೆ ಹೋಗಿ ಬಿಡ್ತಿ."

ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿದೆ. ಬಂದ ಲೋಕಲ್‌ನಲ್ಲಿ ಬೇಕಾದಷ್ಟು ಜಾಗವಿತ್ತು. ಬಾಗಿಲ ಬಳಿಯ ಕಂಬ ಹಿಡಿದು, ಬೊರಿವಲಿಯವರೆಗೆ ನಿಂತೇ ಬಂದೆ.